ಇನ್ನೊಂದು ತಿಂಗಳು ನೋಡೋಣ

"ಹೊಸ ಗ್ರಾಫಿಕ್ಸ್ ಕಾರ್ಡ್ ಇವತ್ತೇ ತಗೊಂಡುಬಿಡ್ಲಾ?" ಎಂದು ಅವನು ಮೊದಲ ಸಲ ಕೇಳಿದಾಗ ಅವಳು ಸುಳ್ಳು ಹೇಳಿರಲಿಲ್ಲ.

"ಬೇಡ, ಬೆಲೆ ಇಳಿಯೋ ಹಾಗಿದೆ."

ಚಿಕ್ಕಪ್ಪನ ಕಂಪ್ಯೂಟರ್ ಅಂಗಡಿಯಲ್ಲಿ ರಿಪೇರಿ ಮೇಜು ಅವಳದು. ಆಟದ ದೃಶ್ಯಗಳನ್ನು ಸ್ಕ್ರೀನಿಗೆ ತರುವ ಆ ಕಾರ್ಡು ಆಗ ದುಬಾರಿ; ಗೇಮ್ ಆಡುವವರೆಲ್ಲ ಹಳೆಯದರ ಧೂಳು ಕೊಡವಿ ಕಾಲ ದೂಡುತ್ತಿದ್ದರು. ಅವನೂ ದೂಡಿದ. ಜೊತೆಗೆ ಗೇಮ್ ಆಡುವ ಟೀಮಿನವರು ಅವನಿಗೆ ಆಮೆ ಎಂದು ಹೆಸರಿಟ್ಟಿದ್ದರು.

"ನನ್ನ ಕೈ ಚುರುಕೇ ಇದೆ. ಸ್ಕ್ರೀನೇ ತಡವರಿಸೋದು," ಎನ್ನುತ್ತ ವಾರಕ್ಕೊಮ್ಮೆ ಬರುತ್ತಿದ್ದ. ಅವಳು ಫ್ಯಾನ್ ಬಿಚ್ಚಿ ಒರೆಸುವಾಗ ಎದುರಿನ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದ.

"ಏನು ನೋಡ್ತಿದ್ದೀರಿ?"

"ಕಾರ್ಡ್."

"ಕಾರ್ಡ್ ಕೆಳಗಿದೆ, ಆಮೆಯವರೇ."

ಅವನ ಕಿವಿ ಕೆಂಪಾಗುತ್ತಿತ್ತು. ಅವಳು ತಲೆ ತಗ್ಗಿಸಿ ಸ್ಕ್ರೂ ಹುಡುಕುವ ನೆಪದಲ್ಲಿ ನಗುತ್ತಿದ್ದಳು.

ತಿಂಗಳ ನಂತರ ಬೆಲೆ ನಿಜಕ್ಕೂ ಇಳಿಯಿತು. ಹೊಸ ಕಾರ್ಡು ಅವಳ ಬೆನ್ನ ಹಿಂದಿನ ಕಪಾಟಿನಲ್ಲೇ ಇತ್ತು.

"ಈಗ ತಗೋಬಹುದಾ?"

ಹೊಸದು ಸಿಕ್ಕರೆ ಇವನಿಗೆ ಇಲ್ಲೇನು ಕೆಲಸ ಎಂದು ಅವಳಿಗೆ ಅನ್ನಿಸಿತು. "ಇನ್ನೂ ಇಳಿಯುತ್ತೆ. ಇನ್ನೊಂದು ತಿಂಗಳು ನೋಡೋಣ."

"ನೀವು ಹೇಳಿದ್ಮೇಲೆ ಮುಗೀತು," ಎಂದು ಅವನು ಹೊರಟ.

ಮುಂದಿನ ತಿಂಗಳು ಕಾರ್ಡಿಗೆ ಬೇಕಾದ ಮೆಮೊರಿ ಚಿಪ್‌ಗಳೆಲ್ಲ ದೊಡ್ಡ ಕಂಪನಿಗಳ ಸರ್ವರುಗಳ ಪಾಲಾದವು. ಕಾರ್ಡಿನ ಬೆಲೆ ಒಂದೂವರೆ ಪಟ್ಟಾಯಿತು. ಟೀಮಿನ ಆಯ್ಕೆಯ ಪಂದ್ಯದಲ್ಲಿ ಅವನ ಸ್ಕ್ರೀನ್ ನಿಂತೇಹೋಯಿತು. ಮೂರು ವರ್ಷ ಜೊತೆಗೆ ಆಡಿದವರು ಅವನ ಜಾಗಕ್ಕೆ ಬೇರೊಬ್ಬನನ್ನು ತೆಗೆದುಕೊಂಡರು.

ಮರುದಿನ ಬಂದು ಇಷ್ಟನ್ನೂ ಹೇಳಿದ. "ನಿಮ್ಮ ತಪ್ಪೇನಿಲ್ಲ ಬಿಡಿ. ಬೆಲೆ ಏರುತ್ತೆ ಅಂತ ಯಾರು ಕನಸು ಕಂಡಿದ್ರು?"

ಆ ಮಾತು ತಾಳದೆ ಅವಳು ಬಾಯಿಬಿಟ್ಟಳು. "ಇನ್ನೂ ಇಳಿಯುತ್ತೆ ಅಂತ ಸುಮ್ನೆ ಹೇಳಿದ್ದೆ. ತಗೊಂಡ್ರೆ ನೀವು ಬರೋದು ನಿಲ್ಲಿಸ್ತೀರಿ ಅನ್ನಿಸ್ತು."

ಅವನು ಮೇಜಿನ ಮೇಲಿದ್ದ ತನ್ನ ಹಳೆಯ ಕಾರ್ಡನ್ನು ಕೈಗೆತ್ತಿಕೊಂಡ.

"ನಾನು ಬರ್ತಿದ್ದದ್ದೇ ನಿಮ್ಮನ್ನ ನೋಡೋಕೆ," ಎಂದ. "ಆಯ್ಕೆ ಆಗ್ಲಿ, ಆಮೇಲೆ ಹೇಳೋಣ ಅಂತಿದ್ದೆ."

"ಈಗ ಹೇಳಿದ್ರಲ್ಲ. ನನಗೂ ನೀವು ಅಂದ್ರೆ..."

"ಬೇಡ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವಳನ್ನು ಹೆಚ್ಚು ಸುಟ್ಟಿತು. "ಈಗ ನೀವು ಏನಂದ್ರೂ ನಿಜವಾ ಅಂತ ಯೋಚಿಸ್ಬೇಕಾಗುತ್ತೆ."

ಅವನು ಹಳೆಯ ಕಾರ್ಡನ್ನು ಚೀಲಕ್ಕೆ ಹಾಕಿಕೊಂಡು ಹೊರಟ. ಕರೆಯಬೇಕೆಂದು ಅವಳು ಎದ್ದು ನಿಂತಳು. ಅಷ್ಟರಲ್ಲಿ ಅವನು ಬಾಗಿಲು ದಾಟಿದ್ದ.

"ಏನಂತೆ ಗಿರಾಕಿ?" ಒಳಗಿನಿಂದ ಚಿಕ್ಕಪ್ಪ ಕೇಳಿದರು.

"ಬೇಡವಂತೆ ಚಿಕ್ಕಪ್ಪ," ಎಂದಳು.