ಬರ್ಬಟ್‌ಗೆ ಮೇಲೇಳಲು ಒಂದು ಜಾಗ

ಬೆಳಗ್ಗೆ ಒಂಬತ್ತೂ ಹತ್ತಕ್ಕೆ ಶಿಬಿರದಲ್ಲಿ ನೀರೊಳಗಿನ ಟೆಲಿಫೋನ್ ಗೊರಗುಟ್ಟಿತು. ಹಂಡೆಯೊಳಗಿಂದ ಯಾರೋ ಮಾತಾಡಿದಂತೆ ಬರ್ಬಟ್ ಜಲಾಂತರ್ಗಾಮಿಯ ಕ್ಯಾಪ್ಟನ್ ಧ್ವನಿ ಕೇಳಿಸಿತು.

"ಬರ್ಬಟ್‌ನಿಂದ ಶಿಬಿರಕ್ಕೆ. ನಮ್ಮ ನಾವಿಕ ಟೇಟ್‌ನ ಬಲಗೈ ಟಾರ್ಪೆಡೊ ಅಡಿ ಸಿಕ್ಕಿ ಜಜ್ಜಿದೆ. ಕೈ ಊದಿ ಕಲ್ಲಾಗಿದೆ, ಬೆರಳಿಗೆ ರಕ್ತ ಹೋಗ್ತಿಲ್ಲ. ಆರು ಗಂಟೆಯೊಳಗೆ ಡಾಕ್ಟರ್ ಮುಂದೆ ಇರಬೇಕು. ಇಲ್ಲಾಂದ್ರೆ ಕೈ ಹೋಯ್ತು. ನಮಗೆ ಮೇಲೇಳೋಕೆ ಜಾಗ ಬೇಕು."

ಡಾಕ್ಟರು ಶಿಬಿರದಲ್ಲೇ ಇದ್ದರು. ಜಾಗ ಇರಲಿಲ್ಲ. ಬರ್ಬಟ್ ಮೇಲೇಳಲೆಂದು ಗುರುತು ಹಾಕಿಟ್ಟಿದ್ದ ತೆಳು ಮಂಜುಗಡ್ಡೆಯ ಪಟ್ಟಿಯನ್ನು ಹಿಂದಿನ ಸಂಜೆಯ ಗಾಳಿ ಎರಡೂ ಕಡೆಯಿಂದ ಒತ್ತಿ ಮುಚ್ಚಿಬಿಟ್ಟಿತ್ತು. ಈಗ ಅಲ್ಲಿ ಆಳೆತ್ತರದ ಮಂಜುಗಡ್ಡೆಯ ದಿಬ್ಬ.

ಶಿಬಿರವಿದ್ದದ್ದು ಅಲಾಸ್ಕಾದ ಕರಾವಳಿಯಿಂದ ಇನ್ನೂರೈವತ್ತು ಕಿಲೋಮೀಟರ್ ಉತ್ತರಕ್ಕೆ, ಬೋಫೋರ್ಟ್ ಸಮುದ್ರದ ಮೇಲೆ ತೇಲುವ ಗಡ್ಡೆಯಲ್ಲಿ. ಮಾರ್ಚ್ ತಿಂಗಳು, ಸೊನ್ನೆಗಿಂತ ಮೂವತ್ತೆಂಟು ಡಿಗ್ರಿ ಕೆಳಗೆ. ಗಡ್ಡೆಯ ಅಡಿ ಹೋರಾಡುವ ಅಭ್ಯಾಸಕ್ಕೆಂದು ನೌಕಾಪಡೆ ಅಲ್ಲಿ ಬಿಡಾರ ಹೂಡಿತ್ತು. ಬರ್ಬಟ್‌ನ ಬೆನ್ನು ತೊಂಬತ್ತು ಸೆಂಟಿಮೀಟರ್ ದಪ್ಪದವರೆಗೂ ಗಡ್ಡೆಯನ್ನು ಸೀಳಬಲ್ಲದು. ಅದಕ್ಕಿಂತ ದಪ್ಪವಾದರೆ ಸೀಳುವುದು ಬೆನ್ನನ್ನೇ.

"ಉತ್ತರಕ್ಕೆ ಆರು ಕಿಲೋಮೀಟರ್‌ನಲ್ಲಿ ಒಂದು ಪಟ್ಟಿ ಇದೆ," ಎಂದಳು ನೋರಾ ವೆಸ್ಟ್‌ಬಿ. ಗಡ್ಡೆಯ ದಪ್ಪ ಅಳೆಯುವ ಉಪಕರಣ ಅವಳದು. ಆರು ವರ್ಷ ಕೂತು ಮಾಡಿದ್ದಳು. "ನಿನ್ನೆ ಅಳೆದಿದ್ದೀನಿ. ಅರವತ್ತು ಸೆಂಟಿಮೀಟರ್."

"ಅಳೆದಿದ್ದೀಯ. ಕಾಲಿಟ್ಟಿಲ್ಲ," ಎಂದಳು ಎಡ್ನಾ ಸಕಿಯಾಕ್, ಮುಖವಾಡ ಕಟ್ಟಿಕೊಳ್ಳುತ್ತ. ಐವತ್ತಾರರ ಎಡ್ನಾ ಅಲಾಸ್ಕಾ ಕರಾವಳಿಯ ಊರು ಉಟ್ಕಿಯಾಗ್ವಿಕ್‌ನ ತಿಮಿಂಗಿಲ ಬೇಟೆಗಾರರ ಮನೆಯವಳು. ಶಿಬಿರದಲ್ಲಿ ಅವಳ ಕೆಲಸ ಎರಡೇ: ಕರಡಿ ಬಂದರೆ ಓಡಿಸುವುದು, ಗಡ್ಡೆಯ ಮೇಲೆ ಎಲ್ಲಿ ನಡೆಯಬಹುದು ಎಂದು ಹೇಳುವುದು.

ಹೆಲಿಕಾಪ್ಟರ್ ದಡದಲ್ಲಿ ಗಾಳಿಗೆ ಸಿಕ್ಕಿ ಕೂತಿತ್ತು. ಮೂವರು ಹಿಮದ ಮೇಲೆ ಓಡುವ ಎರಡು ಸ್ನೋಮೊಬೈಲ್ ಹತ್ತಿದರು. ಮೂರನೆಯವನು ಡ್ರಿಲ್ ಹೊತ್ತ ಚೀಫ್ ಬೊಡೀನ್; ಇಪ್ಪತ್ತು ವರ್ಷ ಜಲಾಂತರ್ಗಾಮಿಗಳಲ್ಲೇ ಕಳೆದ ಲೂಸಿಯಾನಾದ ದಡೂತಿ ಆಸಾಮಿ. ಹಿಂದೆ ಮರದ ಉದ್ದನೆಯ ಜಾರುಬಂಡಿ ಕುಣಿಯುತ್ತ ಬಂತು.

ಪಟ್ಟಿ ಕಂಡಾಗ ಹತ್ತೂಕಾಲು. ಗುಡ್ಡಗಳ ನಡುವಿನ ಕೆರೆಯಂತೆ ಸಪಾಟು, ಅಂಗಳದಂತೆ ಚೊಕ್ಕಟ. ನೋರಾಳ ಉಪಕರಣ ಮತ್ತೆ ಅರವತ್ತೇ ತೋರಿಸಿತು. ಬೊಡೀನ್ ಡ್ರಿಲ್ ಇಳಿಸಿದ. ಅರವತ್ತಕ್ಕೆ ಸರಿಯಾಗಿ ನೀರು ಉಕ್ಕಿತು. ಅವನು ಡ್ರಿಲ್ ಥಟ್ಟನೆ ಎತ್ತಿಬಿಟ್ಟ. ಒದ್ದೆಯಾದ ಡ್ರಿಲ್ ಈ ಚಳಿಯಲ್ಲಿ ಚಿಟಿಕೆ ಹೊಡೆಯುವಷ್ಟರಲ್ಲಿ ಹೆಪ್ಪುಗಟ್ಟುತ್ತದೆ. ನೀರು ಕಂಡ ಕೂಡಲೇ ಎತ್ತುವುದು ಶಿಬಿರದವರ ಕೈಗೆ ಕೂತ ಅಭ್ಯಾಸ.

"ಬಂತು ನೋಡಿ ಸಮುದ್ರ! ಶಿಬಿರಕ್ಕೆ ಹೇಳಿಬಿಡ್ಲಾ?"

ಎಡ್ನಾ ತನ್ನ ಕೋಲಿನ ಕಬ್ಬಿಣದ ಮೊನೆಯಿಂದ ಗಡ್ಡೆಯನ್ನು ಗುದ್ದಿದಳು. ನಾಲ್ಕು ಹೆಜ್ಜೆ ನಡೆದು ಮತ್ತೆ ಗುದ್ದಿದಳು. ಸದ್ದು ಮಂಕಾಗಿತ್ತು, ತುಂಬಿದ ಪೀಪಾಯಿಯನ್ನು ತಟ್ಟಿದ ಹಾಗೆ.

"ಬೇಡ. ಇದರ ಅಡಿ ಇನ್ನೊಂದಿದೆ."

"ನೀರು ಬಂತಲ್ಲ, ಎಡ್ನಾ," ಎಂದ ಬೊಡೀನ್.

"ನೀರು ಬಂತು, ಸಮುದ್ರ ಬಂತು ಅಂತ ಯಾರು ಹೇಳಿದ್ರು? ದಾರ ಬಿಡು."

ಬೊಡೀನ್ ಸೀಸದ ಗುಂಡು ಕಟ್ಟಿದ ದಾರ ಇಳಿಬಿಟ್ಟ. ಮೂರು ಸಾವಿರ ಮೀಟರ್ ಆಳದ ಸಮುದ್ರದಲ್ಲಿ ಆ ಗುಂಡು ಒಂದು ಗೇಣು ಇಳಿದು ಟಕ್ಕೆಂದು ಕೂತಿತು.

ಬೊಡೀನ್ ಹಲ್ಲು ಕಚ್ಚಿ ಡ್ರಿಲ್ ಮತ್ತೆ ಇಳಿಸಿದ. ಕೆಳಗಿನ ಪದರ ಇನ್ನೂ ಎಂಬತ್ತು ಸೆಂಟಿಮೀಟರ್ ದಪ್ಪವಿತ್ತು. ಎಂದೋ ಗಡ್ಡೆಯ ಒಂದು ಹಲಗೆ ಇನ್ನೊಂದರ ಅಡಿ ನುಸುಳಿ, ನಡುವೆ ಉಪ್ಪುನೀರು ಸಿಕ್ಕಿಬಿದ್ದಿತ್ತು. ನೋರಾಳ ಉಪಕರಣ ಆ ನೀರನ್ನೇ ಸಮುದ್ರವೆಂದು ನಂಬಿತ್ತು.

"ನಾನು ಬರ್ಬಟ್‌ನ ನೂರು ಮಂದಿಯನ್ನ ಇದಕ್ಕೆ ಡಿಕ್ಕಿ ಹೊಡೆಸ್ತಿದ್ದೆ," ಎಂದಳು ನೋರಾ.

"ಹೊಡೆಸಲಿಲ್ಲ. ಅಳೋದು ಆಮೇಲೆ, ಈಗ ಅತ್ತರೆ ರೆಪ್ಪೆ ಅಂಟ್ಕೊಳ್ಳುತ್ತೆ. ಗಾಡಿ ಹತ್ತು."

ಎಡ್ನಾ ಆಕಾಶ ನೋಡುತ್ತಿದ್ದಳು. ಬಿಳಿ ಗಡ್ಡೆಯ ಮೇಲಿನ ಮೋಡದ ಹೊಟ್ಟೆಯೂ ಬಿಳಿ. ತೆರೆದ ನೀರಿನ ಮೇಲೆ, ಈಚೆಗೆ ಹೆಪ್ಪುಗಟ್ಟಿದ ಗಡ್ಡೆಯ ಮೇಲೆ ಮಾತ್ರ ಅದು ಮಸಿ ಒರೆಸಿದಂತೆ ಕಪ್ಪಾಗುತ್ತದೆ. ವಾಯವ್ಯದಲ್ಲಿ ಅಂಥದೊಂದು ಬೆರಳಗಲದ ಕಪ್ಪು ಗೆರೆ ಇತ್ತು.

ಹೊರಡುವಷ್ಟರಲ್ಲಿ ರೇಡಿಯೊ ಕಿರುಚಿತು. ಶಿಬಿರದ ಕಮಾಂಡರ್ ಹೋಲ್ಕಂ. "ಗಾಳಿ ಏರ್ತಿದೆ. ವಾಪಸ್ ಬನ್ನಿ. ಒಂದು ಕೈಗೋಸ್ಕರ ಮೂರು ಜೀವ ಒತ್ತೆ ಇಡೋಕೆ ನಾನು ತಯಾರಿಲ್ಲ."

ಬೊಡೀನ್ ಎಡ್ನಾಳ ಮುಖ ನೋಡಿದ. ಅವಳು ರೇಡಿಯೊ ಕಿತ್ತುಕೊಂಡಳು. ಅವಳ ಎಡಗೈ ಗವಸಿನಲ್ಲಿ ಎರಡು ಬೆರಳಿನ ಜಾಗ ಖಾಲಿ. ಇಪ್ಪತ್ತೆಂಟು ವರ್ಷದ ಹಿಂದೆ ತಿಮಿಂಗಿಲ ಕಟ್ಟಿದ ಹಗ್ಗ ಅವನ್ನು ಜಜ್ಜಿತ್ತು. ಗಾಳಿಯೆಂದು ಅಂದು ವಿಮಾನ ಬರಲಿಲ್ಲ.

"ಕಮಾಂಡರ್, ನನ್ನ ಕೆಲಸದ ಕಾಗದದಲ್ಲಿ ಏನು ಬರೆದಿದ್ದೀರಿ? ಗಡ್ಡೆ ಮೇಲೆ ಎಲ್ಲಿ ನಡೀಬಹುದು ಅಂತ ಹೇಳೋಳು ಎಡ್ನಾ ಅಂತ ತಾನೆ? ಹೇಳ್ತಿದ್ದೀನಿ. ನಡೀಬಹುದು."

"ಮೂರು ಗಂಟೆಗೆ ಇಲ್ಲಿರಬೇಕು," ಎಂದರು ಹೋಲ್ಕಂ.

"ಆ ಗಡುವನ್ನ ಟೇಟ್‌ನ ಕೈಯೇ ಕೊಟ್ಟಿದೆ, ಸರ್," ಎಂದ ಬೊಡೀನ್.

ಮೂರು ಕಿಲೋಮೀಟರ್‌ಗೆ ಒಂದು ಗಂಟೆ ಹಿಡಿಯಿತು. ದಿಬ್ಬಗಳನ್ನು ಕೊಡಲಿಯಿಂದ ಕಡಿದು ದಾರಿ ಮಾಡಬೇಕಾಯಿತು. ಕಪ್ಪು ಗೆರೆಯ ಕೆಳಗೆ ಬೂದು ಬಣ್ಣದ ಪಟ್ಟಿ ಸಿಕ್ಕಿತು. ಅಗಲ ಅರವತ್ತು ಮೀಟರ್, ಉದ್ದ ನೂರೈವತ್ತು; ನೂರಹತ್ತು ಮೀಟರಿನ ಬರ್ಬಟ್‌ಗೆ ಮೈ ಇಡುವಷ್ಟೇ ಜಾಗ. ನೋರಾ ಹನ್ನೊಂದು ಕಡೆ ಕೊರೆಸಿದಳು. ಪ್ರತಿ ತೂತಿಗೂ ತಾನೇ ದಾರ ಬಿಟ್ಟಳು. ಎಲ್ಲ ಕಡೆ ಐವತ್ತು, ಐವತ್ತೈದು. ಗುಂಡು ಎಲ್ಲೂ ತಡೆಯಲಿಲ್ಲ.

ಸಲಿಕೆಯಿಂದ ಹಿಮ ಕೆರೆದು ನಡುಮಧ್ಯೆ ದೊಡ್ಡ ಕತ್ತರಿ ಗುರುತು ಹಾಕಿದರು. ಅದು ಮೇಲಿದ್ದವರಿಗಾಯಿತು. ಕೆಳಗಿದ್ದವರಿಗೆ ಅಕ್ಷಾಂಶ, ರೇಖಾಂಶ ಕೊಟ್ಟು ಪ್ರಯೋಜನವಿರಲಿಲ್ಲ; ಗಾಳಿಗೆ ಗಡ್ಡೆ ಗಂಟೆಗೆ ಒಂದು ಕಿಲೋಮೀಟರ್ ತೇಲುತ್ತಿತ್ತು. ನೀರೊಳಗೆ ಸದ್ದು ಮಾಡಿ ದಾರಿ ತೋರಲೆಂದು ತಂದಿದ್ದ ಯಂತ್ರದ ಬ್ಯಾಟರಿ ಚಳಿಗೆ ಸತ್ತಿತ್ತು.

"ಡ್ರಿಲ್‌ನ ಸರಳು ನೀರಿಗಿಳಿಸಿ ಬಡೀತೀನಿ," ಎಂದ ಬೊಡೀನ್. "ಮೂರು ಏಟು, ಒಂದು ಬಿಡುವು. ಆ ಸದ್ದು ಹಿಡ್ಕೊಂಡು ಬರೋಕೆ ಹೇಳಿ."

ಶಿಬಿರ ಅದನ್ನು ಬರ್ಬಟ್‌ಗೆ ತಲುಪಿಸಿತು. ಬೊಡೀನ್ ಸುತ್ತಿಗೆ ಬೀಸಿದ. ಅವನ ತೋಳು ಸೋತಾಗ ಎಡ್ನಾ, ಅವಳ ತೋಳು ಸೋತಾಗ ನೋರಾ. ನಲವತ್ತು ನಿಮಿಷ.

ಮತ್ತೆ ರೇಡಿಯೊ: "ನಿಮ್ಮ ಅಡಿಯಲ್ಲೇ ಇದ್ದಾರೆ. ಜಾಗ ಬಿಡಿ!"

ಮೂವರೂ ಓಡಿದರು.

ಗಡ್ಡೆ ಉಬ್ಬಿತು. ಬಂದೂಕು ಹಾರಿಸಿದಂತೆ ಬಿರಿಯಿತು. ಹಲಗೆಗಳನ್ನು ಮಗುಚುತ್ತ ಬರ್ಬಟ್‌ನ ಕಪ್ಪು ಗೋಪುರ ಎದ್ದು ನಿಂತಿತು, ಗುರುತಿನಿಂದ ಹತ್ತೇ ಹೆಜ್ಜೆ ಆಚೆ.

ಬಾಗಿಲ ಮೇಲೆ ಬಿದ್ದ ಗಡ್ಡೆಯನ್ನು ಯಂತ್ರದ ಗರಗಸದಿಂದ ಕೊಯ್ದು ತೆಗೆಯಲು ಹದಿನೈದು ನಿಮಿಷ. ಟೇಟ್‌ನನ್ನು ಹೊದಿಕೆಯಲ್ಲಿ ಸುತ್ತಿ ಜಾರುಬಂಡಿಗೆ ಬಿಗಿದಾಗ ಎರಡು ಗಂಟೆ ಐದು ನಿಮಿಷ. ಅವನ ತುಟಿ ಬಿಳಿಚಿತ್ತು.

"ನನ್ನ ಕೈ..." ಎಂದ.

"ಇನ್ನೂ ನಿನ್ನ ಹತ್ರಾನೇ ಇದೆ. ಅಲುಗಾಡದೆ ಮಲಗು," ಎಂದಳು ಎಡ್ನಾ.

ಕಡಿದ ದಾರಿ ಇದ್ದುದರಿಂದ ವಾಪಸು ಬೇಗ ಸಾಗಿತು. ಶಿಬಿರದ ಕಂಬ ಕಾಣಿಸುವ ಹೊತ್ತಿಗೆ ಎಡ್ನಾ ಕೈ ಎತ್ತಿ ನಿಲ್ಲಿಸಿದಳು. ಮುಂದೆ ಹೊಸ ಬಿರುಕು. ಎರಡು ಮೀಟರ್ ಕಪ್ಪು ನೀರು, ಹಬೆಯಾಡುತ್ತಿದೆ, ಅಗಲವಾಗುತ್ತಿದೆ.

"ಸುತ್ತಿ ಹೋಗೋಣ," ಎಂದಳು ನೋರಾ.

"ಸುತ್ತೋದ್ರೆ ಗಂಟೆ ನಾಲ್ಕಾಗುತ್ತೆ," ಎಂದಳು ಎಡ್ನಾ. " ಬಂಡಿ ನಾಲ್ಕು ಮೀಟರ್ ಇದೆ. ಅದೇ ಸೇತುವೆ."

"ಮೇಲೆ ಟೇಟ್ ಇದ್ದಾನೆ!"

"ಇರಲಿ. ಅವನಿಗೆ ದಾಟೋ ಕಷ್ಟವಿಲ್ಲ."

ಬಂಡಿಯನ್ನು ಮುಂದಕ್ಕೆ ತಳ್ಳಿದರು. ಮೂತಿ ಆಚೆ ದಡ ಮುಟ್ಟಿತು. ಎಡ್ನಾ ಟೇಟ್‌ನ ಪಕ್ಕದ ಹಲಗೆಯ ಮೇಲೆ ಮೊಣಕಾಲೂರಿ ತೆವಳಿದಳು; ಕೆಳಗೆ ನೀರು ಲೊಟಲೊಟ ಎಂದಿತು. ಹಿಂದೆ ನೋರಾ. ಕೊನೆಗೆ ಬೊಡೀನ್; ಮರ ನರಳಿತು, ಮುರಿಯಲಿಲ್ಲ. ಸ್ನೋಮೊಬೈಲ್‌ಗಳನ್ನು ಆಚೆಯೇ ಬಿಟ್ಟು ಮೂವರೂ ಹಗ್ಗ ಹೆಗಲಿಗೆ ಹಾಕಿ ಎಳೆದರು. ಕಂಬದ ಕಡೆಯಿಂದ ಆರು ಮಂದಿ ಓಡಿ ಬಂದರು. ಎಲ್ಲರಿಗಿಂತ ಮುಂದೆ ಹೋಲ್ಕಂ. ಅವರೂ ಹಗ್ಗಕ್ಕೆ ಹೆಗಲು ಕೊಟ್ಟರು.

ಮೂರಕ್ಕೆ ನಾಲ್ಕು ನಿಮಿಷವಿತ್ತು.

ಡಾಕ್ಟರು ಊದಿದ ಅಂಗೈ ಸೀಳಿ ರಕ್ತಕ್ಕೆ ದಾರಿ ಮಾಡಿದರು. ಅರ್ಧ ಗಂಟೆಯ ಮೇಲೆ ಹೆಬ್ಬೆರಳಿನ ಉಗುರನ್ನು ಒತ್ತಿ ಬಿಟ್ಟರು. ಬಿಳಿಯಾದದ್ದು ನಿಧಾನವಾಗಿ ಕೆಂಪಾಯಿತು. ಒಂದೊಂದೇ ಬೆರಳು ಒತ್ತಿ ನೋಡಿದರು; ಐದೂ ಕೆಂಪಾದವು.

ಅಡುಗೆ ಡೇರೆಯಲ್ಲಿ ಎಡ್ನಾ ಕಾಫಿ ಲೋಟ ತಬ್ಬಿ ಕೂತಿದ್ದಳು. ಪಕ್ಕದಲ್ಲಿ ನೋರಾ ತನ್ನ ಉಪಕರಣದ ಮುಚ್ಚಳ ಬಿಚ್ಚಿಟ್ಟುಕೊಂಡು ಏನೋ ಗೀಚುತ್ತಿದ್ದಳು. ಮತ್ತೆ ನೀರಿಗಿಳಿದಿದ್ದ ಬರ್ಬಟ್‌ನ ಕ್ಯಾಪ್ಟನ್ ಕೇಳುತ್ತಿದ್ದಾರೆಂದು ಬೊಡೀನ್ ಟೆಲಿಫೋನ್ ಹಿಡಿದು ಕರೆದ.

"ಎಡ್ನಾ, ದಿನಚರಿಯಲ್ಲಿ ಬರೀಬೇಕಂತೆ. ಆ ಜಾಗಕ್ಕೆ ಏನು ಹೆಸರು?"

ಎಡ್ನಾ ಒಂದು ಗುಟುಕು ಕುಡಿದಳು.

"ಹೆಸರಿಟ್ಟು ಏನ್ ಮಾಡ್ತಾರೆ? ನಾಳೆ ಅದು ಇರಲ್ಲ. ಬೇಕಾದಾಗ ಹೇಳಲಿ, ಇನ್ನೊಂದು ಹುಡುಕೋಣ."