ಅಲಾರಂ ಹೊಡೆಸಿದ ಮೌನ

"ನಿಮ್ಮ ಸಿನಿಮಾದಲ್ಲಿ ಸೌಂಡ್ ಹೋಗಿದೆ," ಎಂದೆ.

ನಿರ್ದೇಶಕ ನಕ್ಕ. "ಹೋಗಿಲ್ಲ ಮೇಡಂ. ನಾನೇ ಕಳಿಸಿದ್ದೀನಿ."

ನಮ್ಮ ಚಾನೆಲ್ ದುಡ್ಡು ಹಾಕಿ ಮಾಡಿಸಿದ ಸಿನಿಮಾ ಅದು. ಪ್ರಸಾರಕ್ಕೆ ಮೊದಲು ಪ್ರತಿಯೊಂದನ್ನೂ ನೋಡಿ ದೋಷ ಹುಡುಕುವುದು ನನ್ನ ಕೆಲಸ. ಕೊನೆಯ ದೃಶ್ಯದಲ್ಲಿ ನಾಯಕ, "ನನ್ ಜೊತೆ ಇರ್ತೀಯಾ?" ಎಂದು ಕೇಳುತ್ತಾನೆ. ನಾಯಕಿ ಅರ್ಧ ನಿಮಿಷ ಮಾತಾಡುವುದಿಲ್ಲ. ಫ್ಯಾನಿನ ಸದ್ದೂ ಇಲ್ಲ. ಅಷ್ಟು ಹೊತ್ತು ಸದ್ದು ನಿಂತರೆ ನಮ್ಮ ಯಂತ್ರ ಅಲಾರಂ ಹೊಡೆದು, ಸಿನಿಮಾ ನಿಲ್ಲಿಸಿ, 'ಅಡಚಣೆಗೆ ವಿಷಾದಿಸುತ್ತೇವೆ' ಎಂಬ ಫಲಕ ತೋರಿಸಿಬಿಡುತ್ತದೆ.

"ಸ್ವಲ್ಪ ಮ್ಯೂಸಿಕ್ ಹಾಕಿ."

"ಆ ಮೌನ ನೋಡಿ ನಿಮಗೇನನ್ನಿಸ್ತು?"

"ಏನೂ ಅನ್ನಿಸ್ಲಿಲ್ಲ."

ನಿಜವನ್ನೇ ಹೇಳಿದ್ದೆ. ಅಮ್ಮ ಹೋದ ಮೇಲೆ ನನಗೆ ಯಾವುದೂ ತಟ್ಟುತ್ತಿರಲಿಲ್ಲ. ಒರಟಾಗಿ ಹೇಳಿಬಿಟ್ಟೆನೇನೋ ಎಂಬ ಅಳುಕು ಮಾತ್ರ ಆಯಿತು.

"ಇನ್ನೊಂದ್ಸಲ ನೋಡೋಣ್ವಾ, ದೋಷ ಮೇಡಂ?"

ದಿನಾ ಬಂದ, ದಿನಾ ವಾದಿಸಿದ. ಪರದೆ ಕಪ್ಪಾದಾಗ ಗಾಜಿನಲ್ಲಿ ಅವನು ನನ್ನನ್ನೇ ನೋಡುತ್ತಿರುವುದು ಕಾಣುತ್ತಿತ್ತು. ತಿರುಗಿದರೆ ಪೆನ್ನಿನ ಕ್ಯಾಪ್ ಕಚ್ಚುತ್ತಾ ಗೋಡೆ ನೋಡುತ್ತಿದ್ದ.

ಒಂದು ಸಂಜೆ ಕಾರಿಡಾರಿನಲ್ಲಿ ನೀರು ಹಿಡಿಯುತ್ತಿದ್ದಾಗ ಕೇಳಿಯೇಬಿಟ್ಟ. "ನನ್ ಜೊತೆ ಇರ್ತೀರಾ?"

"ಸಿನಿಮಾ ಡೈಲಾಗ್ ಹೊಡೀತೀರಾ?"

"ಬರೆದಿದ್ದು ನಾನೇ ತಾನೆ?"

"ನನ್ನೊಳಗೆ ಏನೂ ಇಲ್ಲ ಕಣ್ರೀ. ಖಾಲಿ."

"ಒಳ್ಳೇದಾಯ್ತು. ನನ್ ಹತ್ರ ಸಾಮಾನು ಜಾಸ್ತಿ ಇದೆ."

ನಗಬೇಕಿತ್ತು. ಲೋಟ ತುಂಬಿ ಚೆಲ್ಲಿತು; ನಲ್ಲಿ ನಿಲ್ಲಿಸಿ ನನ್ನ ಕೋಣೆಗೆ ಹೋಗಿಬಿಟ್ಟೆ.

ಮರುದಿನ ಅವನು ಬರಲಿಲ್ಲ. ಕೊನೆಯ ದೃಶ್ಯಕ್ಕೆ ಪಿಟೀಲು ಸೇರಿಸಿದ ಹೊಸ ಪ್ರತಿ ಬಂತು. ದೋಷವಿರಲಿಲ್ಲ. ಆದರೆ ಅವಳು ಹೇಳದ್ದನ್ನೆಲ್ಲ ಪಿಟೀಲೇ ಹೇಳಿಬಿಡುತ್ತಿತ್ತು. ನಾನು ಹಳೆಯ ಪ್ರತಿಯನ್ನೇ ಪಾಸ್ ಮಾಡಿದೆ.

"ಅಣ್ಣಾ, ಅಲಾರಂ ಹೊಡೆದ್ರೆ ಆಫ್ ಮಾಡಿಬಿಡಿ. ಜವಾಬ್ದಾರಿ ನಂದು," ಎಂದು ಪ್ರಸಾರ ಕೊಠಡಿಯ ಹಿರಿಯರಿಗೆ ಹೇಳಿದೆ.

"ನೀನೇ ಬಂದು ಕೂತ್ಕೋ ತಾಯಿ. ನನಗ್ಯಾಕೆ ತಲೆನೋವು?"

ಭಾನುವಾರ ಮಧ್ಯಾಹ್ನ ಕೂತೆ. ನಾಯಕ ಕೇಳಿದ. ಅವಳು ಮಾತಾಡಲಿಲ್ಲ. ಕೆಂಪು ದೀಪ ಉರಿದು ಅಲಾರಂ ಕಿರುಚಿತು. ಫಲಕ ಬರುವ ಮೊದಲೇ ಬಟನ್ ಒತ್ತಿ ಹಿಡಿದೆ. ಮೌನ ಪೂರ್ತಿಯಾಗಿ ಪ್ರಸಾರವಾಯಿತು, ಮನೆಮನೆಗೂ.

ಅವನ ಫೋನ್ ಬಂತು. "ಮೇಡಂ, ಹಳೇ ಪ್ರತಿ ಹಾಕಿದ್ದೀರಿ!"

"ಗೊತ್ತು."

"...ಈಗೇನಾದ್ರೂ ಅನ್ನಿಸ್ತಾ?"

"ಇಲ್ಲ. ಬಟನ್ ಇನ್ನೂ ಒತ್ತಿ ಹಿಡಿದಿದ್ದೀನಿ, ಅಷ್ಟೆ."

ಹಿರಿಯರು ಕರವಸ್ತ್ರ ಚಾಚಿದರು. "ಅಳೋದಾದ್ರೆ ಆ ಕಡೆ ತಿರುಗಮ್ಮ, ಕೀಬೋರ್ಡ್ ಒದ್ದೆಯಾಗತ್ತೆ."

ಕೆನ್ನೆ ಮುಟ್ಟಿಕೊಂಡೆ. ಹೌದು, ಒದ್ದೆ.

"ಅಲ್ಲೇ ಇರಿ, ಬರ್ತೀನಿ," ಎಂದ ಅವನು.

"ಬನ್ನಿ," ಎಂದೆ. "ಸಾಮಾನೆಲ್ಲ ತನ್ನಿ."