ಎರಡನೇ ಮುಖ ಪತ್ತೆಯಾಗಿದೆ!

"ನಿಲ್ಸ್ರೀ ಆ ಮೈಕ್‌ನ!"

ಹೊಸಕೆರೆಹಳ್ಳಿಯ ಆ ಸಣ್ಣ ರಸ್ತೆಯಲ್ಲಿ ಸೊಪ್ಪು ಆರಿಸುತ್ತಿದ್ದ ಹೆಂಗಸರೆಲ್ಲ ಒಟ್ಟಿಗೇ ತಲೆ ಎತ್ತಿದರು. ಮೊದಲ ಮಹಡಿಯಿಂದ ಎರಡೆರಡು ಮೆಟ್ಟಿಲು ಹಾರಿಕೊಂಡು ಇಳಿದು ಬಂದವಳು ಜ್ಯೋತ್ಸ್ನಾ. ಮೇಲೆ ಇಸ್ತ್ರಿ ಮಾಡಿದ ಚೂಡಿದಾರದ ಟಾಪು, ಕೆಳಗೆ ಮಾಸಿದ ನೈಟ್ ಪ್ಯಾಂಟು. ಕ್ಯಾಮೆರಾಗೆ ಎಷ್ಟು ಕಾಣುತ್ತದೋ ಅಷ್ಟಕ್ಕೇ ಅಲಂಕಾರ!

ಲಗೇಜ್ ಆಟೋದ ತಲೆಯ ಮೇಲೆ ಕಟ್ಟಿದ್ದ ಮೈಕ್ ಮಾತ್ರ ಯಾರಿಗೂ ಕೇರ್ ಮಾಡಲಿಲ್ಲ.

"ಯಾವ್ದಾದ್ರೂ ಇಪ್ಪತ್ತು! ದಂಟು ಎರಡ್ ಕಟ್ಟು... ಪಾಲಕ್ ನಾಲ್ಕ್ ಕಟ್ಟು... ಮೆಂತ್ಯ ಒಂದ್ ಕಟ್ಟು... ಸಬ್ಸಿಗೆ ಮೂರ್ ಕಟ್ಟು..."

ಸೊಪ್ಪಿನ ಹಿಂದಿನಿಂದ ಒಬ್ಬ ಯುವಕ ಎದ್ದು ನಿಂತ. ಕೆಂಪರಾಜು. ಕೂದಲಲ್ಲಿ ಒಂದು ಕೊತ್ತಂಬರಿ ಎಲೆ ಸಿಕ್ಕಿಕೊಂಡಿತ್ತು.

"ಏನಾಯ್ತು ಮೇಡಂ?"

"ಏನಾಯ್ತಾ? ನಿಮ್ಮಿಂದ ನಾನು ಕಾಪಿ ಹೊಡ್ದಿದೀನಿ ಅಂತ ಬಂದಿದೆ!"

"ನನ್ನಿಂದಾನಾ?" ಅವನು ನಕ್ಕೇಬಿಟ್ಟ. "ನಾನು ಒಂಬತ್ತನೇ ಕ್ಲಾಸ್‌ಗೇ ಬಿಟ್ಟೋನು ಮೇಡಂ. ನನ್ನಿಂದ ಕಾಪಿ ಹೊಡೆದ್ರೆ ನಿಮ್ ಕಥೆ ಮುಗೀತು ಅಂತ್ಲೇ ಲೆಕ್ಕ."

ಅವಳು ಮೊಬೈಲನ್ನು ಅವನ ಮೂಗಿನ ತುದಿಗೇ ಹಿಡಿದಳು. ಅದು ಆ ದಿನ ಮನೆಯಿಂದಲೇ ಬರೆದ ಆನ್‌ಲೈನ್ ಅಭ್ಯಾಸ ಪರೀಕ್ಷೆಯ ವರದಿ. 'ಹೊರಗಿನ ಗಂಡು ಧ್ವನಿ. ಎರಡು, ನಾಲ್ಕು, ಒಂದು, ಮೂರು. ಉತ್ತರ ಹೇಳಿಕೊಡುತ್ತಿರುವ ಶಂಕೆ.'

ಕೆಂಪರಾಜುವಿನ ನಗು ನಿಂತಿತು. ಅವನ ಮುಖ ನಿಜಕ್ಕೂ ಕೆಂಪಾಯಿತು.

"ಯಾವನ್ರೀ ಇದನ್ನ ಬರ್ದೋನು? ಸೊಪ್ಪಿಗೂ ಉತ್ತರಕ್ಕೂ ವ್ಯತ್ಯಾಸ ಗೊತ್ತಿಲ್ವಾ ಅವ್ನಿಗೆ?"

"ಯಾವನೂ ಅಲ್ಲ, ಕಂಪ್ಯೂಟರ್."

"ಅದಕ್ಕೇ! ಒಂದಿನ ಸೊಪ್ಪಿನ ಸಾರಲ್ಲಿ ಮುದ್ದೆ ಉಂಡಿದ್ರೆ ತಾನೇ..."

ಜ್ಯೋತ್ಸ್ನಾಗೆ ನಗು ಬಂತು. ಆದರೆ ಕೋಪದಿಂದ ಇಳಿದು ಬಂದವಳು ನಗುತ್ತಾ ಹತ್ತುವುದು ಹೇಗೆ? ತುಟಿ ಕಚ್ಚಿಕೊಂಡು ಮೇಲೆ ಓಡಿದಳು.

ಅವಳ ಕೋಪದಲ್ಲಿ ನ್ಯಾಯವಿತ್ತು. ಜಯನಗರದ ಬಟ್ಟೆ ಅಂಗಡಿಯಲ್ಲಿ ಬಿಲ್ ಹಾಕುತ್ತಲೇ ಐದು ವರ್ಷ ಮನೆಯಿಂದ ಬಿ.ಕಾಂ. ಓದಿದ್ದಳು. ಎಲ್ಲಾ ಪೇಪರ್ ಪಾಸು, ಸಂಖ್ಯಾಶಾಸ್ತ್ರ ಒಂದನ್ನು ಬಿಟ್ಟು. ಈ ಸಲವೂ ಆಗದಿದ್ದರೆ ಅವಳ ನೋಂದಣಿಯ ಅವಧಿಯೇ ಮುಗಿಯುತ್ತದೆ. ಮುಗಿದರೆ ಪಾಸಾದ ಪೇಪರುಗಳೂ ದಂಡ. ಡಿಗ್ರಿಯೇ ಇಲ್ಲ!

ಅಮ್ಮ ಕಮಲಾದೇವಿ ವರದಿಯನ್ನು ಕನ್ನಡಕ ಏರಿಸಿ ಓದಿದರು. ಆಮೇಲೆ ಮೆಲ್ಲಗೆ ಕೇಳಿದರು.

"ಅಲ್ವೇ, ಆ ಹುಡುಗ ಕೂಗಿದ್ ನಂಬರ್ರೇ ಹಾಕಿದ್ರೆ ಎಷ್ಟು ಬರ್ತಿತ್ತು?"

"ಅಮ್ಮಾ!"

ಆದರೂ ತಡೆಯಲಾಗದೆ ಲೆಕ್ಕ ಹಾಕಿದಳು. ಹತ್ತು ಪ್ರಶ್ನೆಗಳಲ್ಲಿ ಅವಳದು ನಾಲ್ಕು ಸರಿ. ಸೊಪ್ಪಿನ ಮೈಕಿನದು ಏಳು!

"ಮೈಕನ್ನೇ ಕೂರಿಸಿ ಪರೀಕ್ಷೆ ಬರ್ಸು," ಎಂದು ಅಮ್ಮ ಒಳಗೆ ಹೋದರು.

* * *

ಮರುದಿನ ರಸ್ತೆಯಲ್ಲಿ ಸದ್ದೇ ಇಲ್ಲ!

ಜ್ಯೋತ್ಸ್ನಾ ಕಿಟಕಿಯಿಂದ ಇಣುಕಿದಳು. ಕೆಂಪರಾಜು ಆಟೋವನ್ನು ರಸ್ತೆಯ ತುದಿಯಲ್ಲೇ ನಿಲ್ಲಿಸಿ, ಸೊಪ್ಪಿನ ಬಾಕ್ಸನ್ನು ತಲೆಯ ಮೇಲೆ ಹೊತ್ತು ಒಂದೊಂದು ಗೇಟಿಗೂ ಹೋಗಿ ಪಿಸುಗುಡುತ್ತಿದ್ದ. "ಆಂಟಿ... ದಂಟು..." ಕಳ್ಳಮಾಲು ಮಾರುವವನ ಹಾಗೆ!

"ಮೈಕ್ ಏನಾಯ್ತು?" ಎಂದಳು ಮೇಲಿನಿಂದ.

"ಕೆಟ್ಟೋಗಿದೆ ಮೇಡಂ."

ಕೆಟ್ಟಿರಲಿಲ್ಲ. ಅದು ಅವಳಿಗೂ ಗೊತ್ತಾಯಿತು, ಅವಳಿಗೆ ಗೊತ್ತಾಯಿತೆಂದು ಅವನಿಗೂ ಗೊತ್ತಾಯಿತು. ಇಬ್ಬರೂ ಬೇರೆ ಬೇರೆ ಕಡೆ ನೋಡಿದರು.

ಅಷ್ಟರಲ್ಲಿ ಎರಡನೇ ಅಭ್ಯಾಸ ಪರೀಕ್ಷೆಯ ವರದಿಯೂ ಬಂತು. 'ಎರಡನೇ ಮುಖ ಪತ್ತೆಯಾಗಿದೆ.' ಕೋಣೆಯಲ್ಲಿ ಅವಳೊಬ್ಬಳೇ ಇದ್ದಳಲ್ಲ! ಹಿಂದೆ ತಿರುಗಿ ನೋಡಿದರೆ ಗೋಡೆಯ ಮೇಲೆ ಹಾರ ಹಾಕಿಸಿಕೊಂಡ ತಾತ ಗುರುಶಾಂತಪ್ಪನವರ ಫೋಟೋ. ದಪ್ಪ ಮೀಸೆ, ಹಣೆ ತುಂಬ ವಿಭೂತಿ, ದುರುಗುಟ್ಟುವ ಕಣ್ಣು.

ಫೋಟೋದ ಮೊಳೆ ತುಕ್ಕು ಹಿಡಿದು ಕೂತಿತ್ತು. ಅಮ್ಮ ಕೆಂಪರಾಜುವನ್ನು ಕರೆದರು. ಅವನು ಸ್ಟೂಲ್ ಹತ್ತಿ ತಾತನನ್ನು ಜೋಪಾನವಾಗಿ ಇಳಿಸಿದ.

"ಹೋಗಿ ಇಪ್ಪತ್ ವರ್ಷ ಆದ್ಮೇಲೆ ತಾತ ಕಾಪಿ ಹೊಡ್ಸಕ್ಕೆ ಬರ್ತಾರಾ ಮೇಡಂ?"

"ತಾತನೂ ಲೆಕ್ಕದಲ್ಲಿ ಫೇಲೇ," ಎಂದರು ಅಮ್ಮ.

ಕಿಟಕಿಯ ಕಟ್ಟೆಯ ಮೇಲೆ ದೀಪ ಮಿನುಗಿಸುತ್ತಾ ಕೂತಿದ್ದ ವೈಫೈ ಡಬ್ಬಿಯನ್ನು ಅವನು ತಿರುಗಿಸಿ ನೋಡಿದ. "ಹನ್ನೆರಡು ವೋಲ್ಟು. ಇದೂ ನನ್ ಮೈಕ್ ಜಾತಿನೇ!"

ಆಮೇಲೆ ಜ್ಯೋತ್ಸ್ನಾ ಪರೀಕ್ಷೆಯ ನಿಯಮಗಳನ್ನು ಓದಿ ಹೇಳಿದಳು. ಶಬ್ದ ಕೂಡದು. ಇನ್ನೊಂದು ಮುಖ ಕೂಡದು. ತುಟಿ ಅಲ್ಲಾಡಕೂಡದು. ಕಣ್ಣು ಪರದೆ ಬಿಟ್ಟು ಹೋಗಕೂಡದು!

ಯೋಚನೆ ಮಾಡುವ ಯಾವ ಮನುಷ್ಯ ಸೂರು ನೋಡುವುದಿಲ್ಲ ಹೇಳಿ? ಮನೆಯಲ್ಲಿ ಪ್ರತ್ಯೇಕ ಕೋಣೆ ಇಲ್ಲದವರು, ಪಕ್ಕದ ಮನೆಯ ಕುಕ್ಕರ್ ಕೂಗು ಕೇಳುವವರು ಓದಲೇಬಾರದೇ? ಇದನ್ನು ಮಾಡಿದವನಿಗೆ ಹತ್ತು ಕೋಣೆಯ ಮನೆ ಇರಬೇಕು, ಅಕ್ಕಪಕ್ಕ ಒಂದು ನರಪಿಳ್ಳೆಯೂ ಇರಬಾರದು!

"ನಾನು ಕಾವಲು ಕೂರ್ತೀನಿ. ಅಭ್ಯಾಸ ಮಾಡಿ," ಎಂದ ಕೆಂಪರಾಜು.

ಹಾಗೆ ಶುರುವಾಯಿತು. ದಿನವೂ ಸೊಪ್ಪು ಖಾಲಿಯಾದ ಮೇಲೆ ಅರ್ಧ ಗಂಟೆ. ಅಡುಗೆಮನೆಯ ಬಾಗಿಲಲ್ಲಿ ಅಮ್ಮ ಅವರೆಕಾಯಿ ಸುಲಿಯುತ್ತಾ ಕೂರುತ್ತಿದ್ದರು. ಅವನು ಲ್ಯಾಪ್‌ಟಾಪಿನ ಹಿಂದೆ ಕೂತು ಅವಳ ಕಣ್ಣನ್ನೇ ನೋಡುತ್ತಿದ್ದ.

"ಕಣ್ಣು! ಮೇಲೆ ಹೋಯ್ತು. ಒಂದು ವಾರ್ನಿಂಗ್."

"ಅಯ್ಯೋ, ಯೋಚ್ನೆ ಮಾಡ್ತಿದ್ದೆ ಕಣ್ರೀ!"

"ತುಟಿ! ಎರಡ್ನೇ ವಾರ್ನಿಂಗ್."

ನಾಲ್ಕನೇ ದಿನದ ಹೊತ್ತಿಗೆ ಕಣ್ಣು ಸೂರಿಗೆ ಹೋಗುವುದು ನಿಂತಿತು. ಬೇರೆ ಕಡೆ ಹೋಗತೊಡಗಿತು.

"ಕಣ್ಣು ಮೇಡಂ..." ಅವನ ದನಿ ಇಳಿಯಿತು. "ಪರದೆ ಮೇಲಿಲ್ಲ."

"ಗೊತ್ತು," ಎಂದಳು ಜ್ಯೋತ್ಸ್ನಾ.

ಅಡುಗೆಮನೆಯ ಬಾಗಿಲಲ್ಲಿ ಅವರೆಕಾಯಿ ಸುಲಿಯುವ ಸದ್ದು ನಿಂತುಹೋಯಿತು. ಅವಳು ಬೆಚ್ಚಿ ಪರದೆ ನೋಡಿದಳು, ಅವನು ನೆಲ ನೋಡಿದ.

ಒಂದು ದಿನ ಅವಳ ಹಾಲ್ ಟಿಕೆಟ್ ನೋಡಿ ಅವನು ಬೆವರಿದ. "ಈ ಹೆಸರ್ನ ಹೆಂಗ್ ಬರೀತಾರೆ ಮೇಡಂ? ಮೇಲಿರೋ 'ತ' ಗೊತ್ತಾಗುತ್ತೆ. ಕೆಳಗಡೆ ಜನ ಗುಂಪು ಸೇರ್ಬಿಟ್ಟಿದಾರೆ!"

ಅವಳು ಹೊಟ್ಟೆ ಹಿಡಿದು ನಕ್ಕಳು. "ಒಂಬತ್ತಕ್ಕೇ ಯಾಕೆ ಬಿಟ್ರಿ?"

ಅವನು ಹಾಲ್ ಟಿಕೆಟನ್ನು ಅವಳಿಗೆ ವಾಪಸ್ ಕೊಟ್ಟ.

"ಪರೀಕ್ಷೇಲಿ ಪಕ್ಕದೋನ್ ಪೇಪರ್ ನೋಡ್ದೆ ಅಂದ್ರು ಮೇಷ್ಟ್ರು. ನೋಡಿಲ್ಲ ಅಂದೆ. ನಂಬ್ಲಿಲ್ಲ. ಪೇಪರ್ ಹರಿದಾಕಿ ಎದ್ದು ಬಂದೆ. ಇನ್ನೂ ಸಿಟ್ಟು ಇಳ್ದಿಲ್ಲ."

* * *

ಪರೀಕ್ಷೆಯ ದಿನ ಬಂತು.

ಅಪ್ಪ ಕೆಲಸಕ್ಕೆ, ಅಮ್ಮ ಪಕ್ಕದ ಅಮ್ಮಣ್ಣಿಯವರ ಮನೆಗೆ. ಸದ್ದಾಗುತ್ತದೆಂದು ಫ್ಯಾನೂ ಬಂದ್. ಬೆಳಕಿಗೆ ಬೆನ್ನ ಹಿಂದಿನ ಕಿಟಕಿ ಮಾತ್ರ ಅರ್ಧ ತೆರೆದಿತ್ತು. ಕೆಳಗೆ ಕೆಂಪರಾಜು ಒಂದು ರಟ್ಟು ಹಿಡಿದು ನಿಂತಿದ್ದ. 'ಪರಿಕ್ಷೆ ನಡೀತಿದೆ. ಕೂಗಿದ್ರೆ ಸರಿ ಇರಲ್ಲ.' ಹಳೇ ಪೇಪರಿನವನೂ ಎಳನೀರಿನವನೂ ಅದನ್ನು ಓದಿ ತೆಪ್ಪಗೆ ಮುಂದಿನ ರಸ್ತೆಗೆ ಹೋದರು.

ಮೂವತ್ತನೇ ಪ್ರಶ್ನೆಯವರೆಗೂ ಎಲ್ಲ ಸುಸೂತ್ರ. ಕಣ್ಣು ಪರದೆಯ ಮೇಲೆ. ತುಟಿ ಗಪ್‌ಚುಪ್.

ಇದ್ದಕ್ಕಿದ್ದಂತೆ ಪರದೆಯ ಮೇಲೆ ಚಕ್ರ ತಿರುಗಿತು. 'ಸಂಪರ್ಕ ಕಡಿದಿದೆ. ಐದು ನಿಮಿಷದಲ್ಲಿ ಮರಳದಿದ್ದರೆ ಪರೀಕ್ಷೆ ರದ್ದು.'

ಅಯ್ಯೋ ದೇವರೇ...!

ಅದೇ ಹೊತ್ತಿಗೆ, ಪರದೆಯ ಮೂಲೆಯಲ್ಲಿ ಅವಳದೇ ಮುಖ ಕಾಣುವ ಪುಟ್ಟ ಚೌಕದಲ್ಲಿ, ಅವಳ ಹೆಗಲ ಹಿಂದೆ, ಕಿಟಕಿಯಿಂದ ಒಂದು ತಲೆ ಮೇಲೇರಿತು. ಕೊತ್ತಂಬರಿ ಎಲೆ ಸಮೇತ!

ಕೆಂಪರಾಜು. ಹಲ್ಲಲ್ಲಿ ಏನೋ ಕಚ್ಚಿಕೊಂಡಿದ್ದಾನೆ. ಹಿಂದೆ ತಿರುಗುವಂತಿಲ್ಲ, ತಿರುಗಿದರೆ ವಾರ್ನಿಂಗ್! ಬೈಯುವಂತಿಲ್ಲ, ತುಟಿ ಅಲ್ಲಾಡಿದರೆ ವಾರ್ನಿಂಗ್! ಅವನು ಬಾಯಿಯ ಮೇಲೆ ಬೆರಳಿಟ್ಟು, ಹೆಬ್ಬೆರಳು ಎತ್ತಿ ತೋರಿಸಿ ಮಾಯವಾದ.

ಸಂಪರ್ಕ ಮರಳಿತು. ಜೊತೆಗೆ ಕೆಂಪು ಅಕ್ಷರವೂ ಬಂತು. 'ಎರಡನೇ ಮುಖ ಪತ್ತೆಯಾಗಿದೆ. ಫಲಿತಾಂಶ ತಡೆಹಿಡಿಯಲಾಗಿದೆ.'

ಉಳಿದ ಪ್ರಶ್ನೆಗಳನ್ನು ಅವಳು ಅಳು ನುಂಗಿಕೊಂಡೇ ಮುಗಿಸಿದಳು. ಮುಗಿದ ಕೂಡಲೇ ಕೆಳಗೆ ಓಡಿದಳು. ಅವನು ಹಲ್ಲು ಕಿರಿಯುತ್ತಾ ನಿಂತಿದ್ದ.

"ಹೆಂಗಾಯ್ತು ಮೇಡಂ?"

"ಹಾಳಾಯ್ತು! ನಿಮ್ಮಿಂದ! ಎರಡು ಗಂಟೆ ಮುಖ ತೋರಿಸ್ದೆ ಇರಕ್ಕಾಗ್ಲಿಲ್ವಾ? ಕಿಟಕಿ ಹತ್ತಿ ಆಟ ಆಡ್ತೀರಾ?"

"ಮೇಡಂ, ಅದು..."

"ಸಾಕು! ಒಂಬತ್ತಕ್ಕೇ ಬಿಟ್ಟೋರಿಗೆ ಪರೀಕ್ಷೆ ಬೆಲೆ ಏನ್ ಗೊತ್ತು?"

ಅವನ ಮುಖದ ನಗು ಆರಿತು. ರಟ್ಟನ್ನು ಎರಡಾಗಿ ಮಡಚಿ ಆಟೋದಲ್ಲಿಟ್ಟ. ಗಾಡಿ ಸ್ಟಾರ್ಟ್ ಮಾಡಿ ಹೊರಟುಹೋದ.

ಅಷ್ಟರಲ್ಲಿ ಅಮ್ಮ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾ ಬಂದರು. "ಒಂದೂವರೆ ಗಂಟೆ ಆಯ್ತು ಕರೆಂಟ್ ಹೋಗಿ. ಅಮ್ಮಣ್ಣಿ ಮನೇಲಿ ಬೆಂದುಹೋದೆ."

"ಕರೆಂಟ್... ಹೋಗಿತ್ತಾ?"

"ಇನ್ನೂ ಬಂದಿಲ್ಲ ಕಣೇ!"

ಹಾಗಾದರೆ ವೈಫೈ...?

ಜ್ಯೋತ್ಸ್ನಾ ಮೇಲೆ ಓಡಿದಳು. ಕಿಟಕಿಯ ಕಟ್ಟೆಯ ಮೇಲೆ ಡಬ್ಬಿಯ ದೀಪ ಇನ್ನೂ ಮಿನುಗುತ್ತಿತ್ತು. ಅದರಿಂದ ಹೊರಟ ತುಂಡು ವೈರು, ಹಲ್ಲಿನ ಗುರುತು ಬಿದ್ದ ಟೇಪು... ಆ ಕಡೆಯ ತುದಿಯಲ್ಲಿ ಒಂದು ಪುಟ್ಟ ಬ್ಯಾಟರಿ.

ಸೊಪ್ಪಿನ ಮೈಕಿನ ಬ್ಯಾಟರಿ!

ಅವಳು ಅಲ್ಲೇ ಕುಸಿದು ಕೂತಳು. ಪಕ್ಕದವನ ಪೇಪರ್ ನೋಡಿಲ್ಲ ಎಂದು ಅವನು ಹೇಳಿದ್ದ. ಅವತ್ತು ಮೇಷ್ಟ್ರು ನಂಬಲಿಲ್ಲ. ಇವತ್ತು ನಾನು ಮಾತಾಡಲೂ ಬಿಡಲಿಲ್ಲ...

* * *

ಸಂಜೆ ಇಮೇಲ್ ಬಂತು. ನಲವತ್ತೆಂಟು ಗಂಟೆಯೊಳಗೆ ವಿವರಣೆ ಕೊಡಬೇಕು. ಕಂಡ ವ್ಯಕ್ತಿ ಯಾರು, ಯಾಕೆ ಬಂದರು, ಅವರ ಕೈಬರಹದ ಹೇಳಿಕೆ ಬೇಕು. ಇಲ್ಲದಿದ್ದರೆ ಪರೀಕ್ಷೆ ರದ್ದು.

ಮರುದಿನ ಅವನು ಬರಲಿಲ್ಲ. ಅವನ ಆಟೋದ ಹಿಂದೆ 'ಹುಳಿಮಾವು ಕೆರೆ ಸೊಪ್ಪು' ಎಂದು ಬರೆದಿದ್ದು ನೆನಪಾಗಿ, ಬ್ಯಾಟರಿಯನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಬಸ್ ಹತ್ತಿದಳು.

"ಏನ್ ಮೇಡಂ ಅದು, ಸಿಡಿಯಲ್ಲ ತಾನೇ?" ಎಂದ ಕಂಡಕ್ಟರ್.

"ಸಿಡಿಯೋದೆಲ್ಲ ನಿನ್ನೆನೇ ಸಿಡೀತು ಸಾರ್."

ಅಪಾರ್ಟ್‌ಮೆಂಟುಗಳ ನಡುವೆ ಉಳಿದಿದ್ದ ಒಂದು ತುಂಡು ತೋಟದಲ್ಲಿ ಅವನು ದಂಟು ತೊಳೆಯುತ್ತಿದ್ದ. ತಲೆ ಎತ್ತಲಿಲ್ಲ.

"ಸೊಪ್ಪು ಖಾಲಿ ಮೇಡಂ."

"ಸೊಪ್ಪಿಗೆ ಬಂದಿಲ್ಲ." ಬ್ಯಾಟರಿಯನ್ನು ಅವನ ಮುಂದಿಟ್ಟಳು. "ತಪ್ಪಾಯ್ತು. ಆ ಮೇಷ್ಟ್ರಿಗಿಂತ ನಾನೇ ಕಡೆ. ಅವ್ರು ನಿಮ್ ಮಾತನ್ನ ಕೇಳ್ಸಿಕೊಂಡಾದ್ರೂ ಕೇಳ್ಸಿಕೊಂಡ್ರು."

ಅವನ ಕೈ ನಿಂತಿತು.

"ಒಂಬತ್ತು ಅಂದ್ರಲ್ಲ," ಎಂದ ಮೆಲ್ಲಗೆ, "ಬಾಯಿ ಕಟ್ಟೋಯ್ತು."

"ಬೈರಿ. ನನಗೂ ಬೈರಿ. ಬೇಕಾದ್ರೆ ಮೈಕಲ್ಲೇ ಬೈರಿ!"

ಅವನ ತುಟಿಯ ತುದಿ ಅಲ್ಲಾಡಿತು. "ಅಭ್ಯಾಸ ತಪ್ಪೋಗಿದೆ. ಎರಡ್ ವಾರದಿಂದ ಪಿಸುಗುಡ್ತಿದೀನಲ್ಲ."

ಹೇಳಿಕೆಯ ವಿಷಯ ಕೇಳಿ ಅವನು ಕೈ ಒರೆಸಿಕೊಂಡು ಪೆನ್ನು ತಗೊಂಡ. ನಿಧಾನವಾಗಿ, ಒತ್ತಿ ಒತ್ತಿ ಬರೆದ. 'ಕರೆಂಟು ಹೋಯ್ತು. ಆಟೋ ಮೇಲೆ ಹತ್ತಿ ವೈಫೈಗೆ ಬ್ಯಾಟರಿ ಕೊಟ್ಟೆ. ಜ್ಯೋತ್ಸ್ನಾ ಅವರು ತಿರುಗಿ ಕೂಡ ನೋಡಲಿಲ್ಲ.'

ಅವಳು ಬೆರಗಾದಳು. "ನನ್ ಹೆಸರು... ನೋಡ್ದೆ ಬರೆದ್ರಾ? ಗುಂಪು ಸೇರಿದ್ ಜನ ಎಲ್ಲಾ ಸರಿಯಾಗಿ ನಿಂತಿದಾರೆ!"

ಅವನು ತಲೆ ತಗ್ಗಿಸಿದ. ಅವಳ ಕಣ್ಣು ಹಿಂದೆ ಪೇರಿಸಿದ್ದ ಸೊಪ್ಪಿನ ಬಾಕ್ಸುಗಳ ಮೇಲೆ ಬಿತ್ತು. ಒಂದೊಂದರ ಮೇಲೂ ಸೀಮೆಸುಣ್ಣದ ಬರಹ. ಜೋಸ್ನ. ಜ್ಯೋಸ್ತ್ನ. ಜ್ಯೋತ್ನಾ. ಜ್ಯೋತ್ಸ್ನಾ. ಜ್ಯೋತ್ಸ್ನಾ. ಜ್ಯೋತ್ಸ್ನಾ...

ಅವಳು ಕೊನೆಯ ಹೆಸರಿನ ಮೇಲೆ ಬೆರಳಾಡಿಸಿದಳು. "ಇಷ್ಟೊಂದು ಇಂಪೊಸಿಷನ್ ಯಾರ್ ಕೊಟ್ರು?"

"ಯಾರೂ ಕೊಟ್ಟಿಲ್ಲ. ನಾನೇ ಬರ್ಕೊಂಡೆ."

ಮೊಬೈಲಿನಲ್ಲಿ ಅರ್ಜಿಯ ಕೊನೆಯ ಸಾಲು ಉಳಿದಿತ್ತು. ಕಂಡ ವ್ಯಕ್ತಿಗೂ ಅಭ್ಯರ್ಥಿಗೂ ಇರುವ ಸಂಬಂಧ. ತಂದೆ, ತಾಯಿ, ಸಹೋದರ, ಪತಿ, ಇತರೆ.

"ಸಹೋದರ ಅಂತ ಹಾಕ್ಲಾ?"

"ಹಾಕಿ ನೋಡಿ!" ಕೆಂಪರಾಜು ಎದ್ದೇ ನಿಂತ. "ನಾನ್ ಬರ್ದಿರೋ ಹಾಳೆ ಇಲ್ಲಿ ಕೊಡಿ, ಹರಿದಾಕ್ತೀನಿ!"

ಅವಳು ನಗುತ್ತಾ 'ಇತರೆ' ಒತ್ತಿ, ಅವನಿಗೆ ಕಾಣದಂತೆ ಏನೋ ಬರೆದು ಕಳಿಸಿಬಿಟ್ಟಳು.

* * *

ಹನ್ನೊಂದನೇ ದಿನ ಉತ್ತರ ಬಂತು. 'ವಿವರಣೆ ಅಂಗೀಕರಿಸಲಾಗಿದೆ.' ಅದರ ಕೆಳಗೆ ಸಂಖ್ಯಾಶಾಸ್ತ್ರ, ನಲವತ್ತಮೂರು. ಪಾಸು!

ಅಷ್ಟರಲ್ಲೇ ರಸ್ತೆಯಲ್ಲಿ ಮೈಕ್ ಕೂಗಿತು. "ದಂಟು ಎರಡ್ ಕಟ್ಟು..." ಜ್ಯೋತ್ಸ್ನಾ ಮತ್ತೆ ಎರಡೆರಡು ಮೆಟ್ಟಿಲು ಹಾರಿಕೊಂಡು ಇಳಿದಳು.

"ಮೊದ್ಲು ಆ ಮೈಕ್ ಆಫ್ ಮಾಡಿ."

ಅವನು ಗಾಬರಿಯಿಂದ ಆಫ್ ಮಾಡಿದ. ಅವಳು ತಾನು ತುಂಬಿದ ಅರ್ಜಿಯನ್ನು ತೋರಿಸಿದಳು. ಅವನು ಒಂದೊಂದೇ ಅಕ್ಷರ ಕೂಡಿಸಿ ಓದಿದ.

"ಸಂಬಂಧ... ಸದ್ಯಕ್ಕೆ ಸೊಪ್ಪಿನವರು. ಮುಂದಿನದು... ಮುಂದೆ ತಿಳಿಸಲಾಗುವುದು."

ಓದಿ ಮುಗಿದರೂ ಅವನು ಮೊಬೈಲನ್ನೇ ನೋಡುತ್ತಾ ನಿಂತ.

"ಯಾವಾಗ... ತಿಳಿಸ್ತೀರ?"

"ಇವಾಗ ತಿಳಿಸ್ತಿದೀನಲ್ಲ ಕಣೋ!"

ಮೇಲಿನಿಂದ ಅಮ್ಮನ ದನಿ ಬಂತು. "ಅದನ್ನ ನಿಮ್ಮಪ್ಪಂಗೆ ಸಂಜೆ ನಾನ್ ತಿಳಿಸ್ತೀನಿ. ಈಗ ಎರಡ್ ಕಟ್ಟು ಸಬ್ಸಿಗೆ ತಗೊಂಡ್ ಬಾ!"

ಕೆಂಪರಾಜು ನಾಚಿ ಸೊಪ್ಪಿನ ಕಡೆ ಮುಖ ತಿರುಗಿಸಿದ.

"ಕಣ್ಣು!" ಎಂದಳು ಜ್ಯೋತ್ಸ್ನಾ. "ಬೇರೆ ಕಡೆ ಹೋಯ್ತು. ಒಂದು ವಾರ್ನಿಂಗ್."

ಅವನು ಮೆಲ್ಲಗೆ ಅವಳ ಕಡೆ ತಿರುಗಿದ.

"ಇನ್ ಹೋಗಲ್ಲ ಮೇಡಂ."

"ಮೇಡಂ ಅಲ್ಲ. ಅಷ್ಟು ಕಷ್ಟಪಟ್ಟು ಬರ್ದು ಕಲ್ತಿದೀಯ, ಹೇಳು."

"ಜ್ಯೋತ್ಸ್ನಾ," ಎಂದ. ಒಂದಕ್ಷರವೂ ತಪ್ಪಲಿಲ್ಲ.